ಇವತ್ತಿನದು ಇವತ್ತೇ

ಪರದೆ ಅಂಗಡಿಯಲ್ಲಿ ಅವಳಿಗೆ ಕತ್ತರಿ ಎಂದು ಹೆಸರಿಟ್ಟವರು ಯಾರು ಎಂಬುದು ಈಗ ಯಾರಿಗೂ ನೆನಪಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕೈಯಲ್ಲಿ ಕತ್ತರಿ ಹಿಡಿದಿರುತ್ತಾಳೆಂದು ಇಟ್ಟರೋ, ಅವಳು ಬಾಯಿ ತೆರೆದರೆ ಎದುರಿಗಿದ್ದವರ ಮಾತು ಅರ್ಧಕ್ಕೇ ತುಂಡಾಗುತ್ತದೆಂದು ಇಟ್ಟರೋ, ಎರಡೂ ಸುಳ್ಳಲ್ಲ. ಆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರು ದಿನವಿಡೀ ನಿಂತೇ ಕೆಲಸ ಮಾಡಬೇಕಿತ್ತು. ಕೂತರೆ ಸೋಮಾರಿಗಳ ಹಾಗೆ ಕಾಣುತ್ತೀರಿ, ಗಿರಾಕಿಗಳು ಏನಂದುಕೊಂಡಾರು ಎಂಬುದು ಯಜಮಾನರ ವಾದ. ಕೆಲಸಕ್ಕೆ ಸೇರಿದ ಹೊಸದರಲ್ಲೇ ಇವಳು ತಾನಿದ್ದ ಹಾಸ್ಟೆಲಿನಿಂದ ಒಂದು ಸ್ಟೂಲು ಹೊತ್ತು ತಂದಳು.

‘ನಿನಗೇನು ಕಾಲು ನೋವಾ?’ ಎಂದರು ಯಜಮಾನರು.

‘ನೋವು ಬರೋ ತನಕ ಯಾಕೆ ಕಾಯ್ಬೇಕು ಸಾರ್?’ ಎಂದಳು ಇವಳು.

ಅವರು ಸ್ಟೂಲನ್ನು ಹೊರಗಿಡಿಸಿದರು, ಇವಳು ಒಳಗೆ ತಂದಳು. ಒಳಗೆ ಹೊರಗೆ ಓಡಾಡಿ ಓಡಾಡಿ ಸ್ಟೂಲಿನ ಕಾಲೇ ಸಡಿಲವಾಯಿತು. ಕೊನೆಗೆ ಬೇಸತ್ತ ಯಜಮಾನರು ಎಲ್ಲರಿಗೂ ಒಂದೊಂದು ಸ್ಟೂಲು ಹಾಕಿಸಿ, ಅದು ತಮ್ಮದೇ ಯೋಚನೆ ಎಂದು ಬಂದವರಿಗೆಲ್ಲ ಹೇಳಿಕೊಂಡರು. ಹೇಳಿಕೊಳ್ಳಲಿ ಬಿಡಿ, ಕೂರಲು ಜಾಗ ಸಿಕ್ಕಿತಲ್ಲ.

ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ಇಬ್ಬರಿಗೂ ಪರಿಚಯವಾದದ್ದು ಲಿಫ್ಟಿನಲ್ಲೇ. ಪರದೆ ಬಟ್ಟೆಯ ಸುರುಳಿಗಳ ಜೊತೆ ಅವಳು ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡಿದ್ದಳು. ಅವನು ಬಂದು ಬಾಗಿಲು ಬಿಡಿಸಿ ಕೈಕೊಟ್ಟು ಮೇಲೆತ್ತಿದರೆ, ‘ಇಷ್ಟು ಹೊತ್ತು ಎಲ್ಲಿಗೆ ಹಾಳಾಗಿ ಹೋಗಿದ್ರಿ?’ ಎಂದು ಸಿಡುಕಿ ದಡದಡನೆ ಹೊರಟುಹೋದಳು. ಸ್ವಲ್ಪ ಹೊತ್ತಿಗೆಲ್ಲ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ವಾಪಸ್ ಬಂದಳು. ಮೇಲಿನ ಯಂತ್ರದ ಕೋಣೆಯಲ್ಲಿ ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ಕೂತಿದ್ದವನ ಮುಂದೆ ನಿಂತು, ‘ಥ್ಯಾಂಕ್ಸ್ ಹೇಳೋದು ಮರ್ತಿದ್ದೆ. ಥ್ಯಾಂಕ್ಸ್. ಬೈದಿದ್ದು ಮಾತ್ರ ಬೈದಿದ್ದೇ, ಅದನ್ನ ವಾಪಸ್ ತಗೊಳ್ಳಲ್ಲ’ ಎಂದಳು. ಇಂಥವಳನ್ನು ಬಿಟ್ಟರೆ ಇನ್ನೊಬ್ಬಳು ಸಿಗುವುದಿಲ್ಲ ಎಂದು ಅವನಿಗೆ ಆ ಗ್ರೀಸಿನ ಮಧ್ಯೆಯೇ ಅನಿಸಿತಂತೆ.

ಥ್ಯಾಂಕ್ಸ್ ಎಂಬುದು ಅವಳಿಗೆ ನಯವಿನಯದ ಮಾತಲ್ಲ, ಹಟದ ಮಾತು. ಅವಳ ಅಮ್ಮ ಮೂರು ಹೊತ್ತು ಬೇಯಿಸಿ ಹಾಕಿದವಳು. ಅಡುಗೆ ಚೆನ್ನಾಗಿದ್ದ ದಿನ ಅಪ್ಪ ತುಟಿಪಿಟಕ್ಕೆನ್ನದೆ ಉಂಡು ಏಳುತ್ತಿದ್ದರು. ಉಪ್ಪು ಹೆಚ್ಚಾದ ದಿನ ಮಾತ್ರ ಅವರಿಗೆ ಬಾಯಿ ಬರುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ಮಾತಾಡಿಸಲು ಬಂದವರ ಮುಂದೆಲ್ಲ ಅಪ್ಪ, ‘ಅವಳ ಕೈರುಚಿ ಇನ್ನು ಎಲ್ಲಿ ಸಿಗಬೇಕು’ ಎಂದು ಗಳಗಳ ಅತ್ತರು. ಕೇಳಬೇಕಾದವಳು ಕೇಳಲು ಇರಲಿಲ್ಲ. ಆವತ್ತು ಮಗಳಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿ ಬಂತು, ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆಮೇಲೆ ವರ್ಷಗಟ್ಟಲೆ ಹಾಸ್ಟೆಲಿನ ಊಟ. ಗಂಟೆ ಹೊಡೆದಾಗ ಹಸಿವಾಗಬೇಕು, ತಟ್ಟೆಗೆ ಬಿದ್ದದ್ದನ್ನು ತಿನ್ನಬೇಕು, ಮಾಡಿದವರ ಮುಖ ನೋಡುವ ಹಾಗಿಲ್ಲ.

ಹಾಗಾಗಿ ಮದುವೆಗೆ ಮೊದಲೇ ಅವಳು ಖಂಡತುಂಡವಾಗಿ ಹೇಳಿದಳು. ‘ನನಗೆ ಒಂದು ಒಲೆ ಬೇಕು. ರಾತ್ರಿ ಊಟ ನಾವಿಬ್ಬರೇ ಮಾಡ್ಕೊಂಡು ತಿನ್ನಬೇಕು. ಮೊದಲು ಮನೆಗೆ ಬಂದವರು ಅಡುಗೆ ಮಾಡೋದು, ಆಮೇಲೆ ಬಂದವರು ಪಾತ್ರೆ ತೊಳೆಯೋದು. ಮೊದಲ ತುತ್ತಿಗೆ ಮುಂಚೆ ಇಬ್ಬರೂ ಒಬ್ಬರಿಗೊಬ್ಬರು ಒಂದು ಥ್ಯಾಂಕ್ಸ್ ಹೇಳಬೇಕು. ಅದೂ ಇವತ್ತು ಮಾಡಿದ್ದಕ್ಕೆ ಇವತ್ತೇ. ಬಾಕಿ ಇಟ್ಕೊಳ್ಳೋ ಹಾಗಿಲ್ಲ.’

‘ನನ್ನ ಹೆಂಡ್ತಿಗೆ ನಾನು ಧನ್ಯವಾದ ಅಂದ್ರೆ ಮೈಕ್ ಮುಂದೆ ನಿಂತ ಹಾಗಾಗುತ್ತೆ ಕಣೇ,’ ಎಂದ ಅವನು ನಾಚಿಕೊಂಡು.

‘ಅದಕ್ಕೇ ಥ್ಯಾಂಕ್ಸ್ ಅನ್ನು, ಸಾಕು.’

ಹೌದು, ನೀವೂ ಮೂಗು ಮುರಿಯಬಹುದು. ಗಂಡ ಹೆಂಡಿರ ನಡುವೆ ಇದೆಂಥ ಶಿಸ್ತು, ಶಾಲೆಯ ಪ್ರಾರ್ಥನೆಯ ಹಾಗೆ ಎನ್ನಬಹುದು. ಆದರೆ ದಿನದ ಕೊನೆಗೆ ಹೇಳಲೇಬೇಕು ಎಂದಾದಾಗ ಮನುಷ್ಯ ಬೆಳಗಿನಿಂದಲೇ ಕಣ್ಣು ತೆರೆದಿಟ್ಟುಕೊಂಡಿರುತ್ತಾನೆ. ತನ್ನ ಟಿಫಿನ್ ಡಬ್ಬಿಯ ಮುಚ್ಚಳ ಸೋರುತ್ತದೆಂದು ಅವಳು ರಬ್ಬರ್ ಬ್ಯಾಂಡ್ ಹಾಕಿದ್ದು ಅವನಿಗೆ ಕಾಣುತ್ತದೆ. ತನ್ನ ಚಪ್ಪಲಿಯ ಕಿತ್ತ ಉಂಗುಷ್ಠವನ್ನು ಅವನು ಹೊಲಿಸಿ ತಂದಿಟ್ಟದ್ದು ಅವಳಿಗೆ ಕಾಣುತ್ತದೆ. ಇಂಥವೆಲ್ಲ ಕಾಣದೆಯೇ ಎಷ್ಟೋ ಸಂಸಾರಗಳು ಬೆಳ್ಳಿಹಬ್ಬದವರೆಗೂ ಹೋಗಿವೆ, ಅದೇನು ದೊಡ್ಡಸ್ತಿಕೆಯಲ್ಲ.

ಅವರಿದ್ದದ್ದು ಅವನ ಅಪ್ಪನ ಮನೆಯ ಮೇಲೆ, ತಾರಸಿಯ ಒಂಟಿ ಕೋಣೆಯಲ್ಲಿ. ಒಂದು ಮಂಚ, ಒಂದು ಮಡಚುವ ಮೇಜು, ಕಿಟಕಿ ಪಕ್ಕದ ಕಟ್ಟೆಯ ಮೇಲೆ ಒಂದೇ ಬರ್ನರಿನ ಒಲೆ. ಅಡುಗೆಯೂ ಆ ಒಲೆಗೆ ತಕ್ಕ ಹಾಗೆ, ಒಂದೇ ಪಾತ್ರೆಯದ್ದು. ಒಂದು ದಿನ ಅಕ್ಕಿ, ಬೇಳೆ, ಕೈಗೆ ಸಿಕ್ಕ ತರಕಾರಿ ಎಲ್ಲ ಕುಕ್ಕರಿಗೆ. ಒಂದು ದಿನ ಈರುಳ್ಳಿ ಆಲೂಗೆಡ್ಡೆ ಹುರಿದು ಅದರ ಮೇಲೆ ಮೊಟ್ಟೆ ಒಡೆದು ಮುಚ್ಚುವುದು. ಇಬ್ಬರಿಗೂ ಸುಸ್ತಾದ ದಿನ ಟೊಮೆಟೊ ಬೇಯಿಸಿ ಹಿಸುಕಿ ಬ್ರೆಡ್ಡಿನ ಜೊತೆ. ಅವನು ಮಾಡಿದರೆ ತಳ ಹಿಡಿಯುವುದು ಖಾತ್ರಿ. ‘ತಳ ಬಿಟ್ಟು ಮಿಕ್ಕಿದ್ದೆಲ್ಲ ಚೆನ್ನಾಗಿದೆ, ಥ್ಯಾಂಕ್ಸ್’ ಎಂದು ಅವಳು ನಿಯಮ ಪಾಲಿಸುತ್ತಿದ್ದಳು.

ಕೆಳಗಿನ ಮನೆಯಲ್ಲಿ ಅತ್ತೆ, ಮಾವ ಮತ್ತು ಇನ್ನೂ ಮದುವೆಯಾಗದ ಭಾವ. ಮಾವನಿಗೆ ನಲ್ಲಿ, ಪೈಪು, ಬೋಲ್ಟು ಮಾರುವ ಅಂಗಡಿ. ಭಾವ ಹಗಲು ಅಂಗಡಿಯಲ್ಲಿ, ಸಂಜೆ ಫೋನಿನಲ್ಲಿ. ಅತ್ತೆ ಸದಾ ಅಡುಗೆಮನೆಯಲ್ಲಿ. ಭಾನುವಾರ ಮಾತ್ರ ಇವರಿಬ್ಬರೂ ಕೆಳಗಿಳಿದು ಊಟ ಮಾಡಬೇಕೆಂದು ಒಪ್ಪಂದವಾಗಿತ್ತು. ಎಡವಟ್ಟಾದದ್ದು ಅಂಥ ಒಂದು ಭಾನುವಾರವೇ.

ಅವತ್ತೂ ಯಾವುದೋ ಅಪಾರ್ಟ್‌ಮೆಂಟಿನ ಲಿಫ್ಟು ಕೈಕೊಟ್ಟು ಅವನು ಕೆಲಸಕ್ಕೆ ಹೋಗಿ ಹಸಿದು ಬಂದಿದ್ದ. ಅತ್ತೆ ಮಧ್ಯಾಹ್ನದಿಂದ ಒಲೆಯ ಮುಂದೆ ನಿಂತು ಮಾಡಿದ್ದೆಲ್ಲ ಮೇಜಿನ ಮೇಲೆ ಹಬೆಯಾಡುತ್ತಿತ್ತು. ಅವನು ತುತ್ತು ಕಲಸಿ, ಕೈ ಬಾಯಿಯ ಹತ್ತಿರ ಹೋದಾಗ ಅಭ್ಯಾಸಬಲದಿಂದ ತಡೆದು, ಹೆಂಡತಿಯ ಕಡೆ ತಿರುಗಿ, ‘ಬೆಳಗ್ಗೆ ನನ್ನ ಟೆಸ್ಟರ್ ಹುಡುಕ್ಕೊಟ್ಟೆ, ಥ್ಯಾಂಕ್ಸ್ ಕಣೇ’ ಎಂದುಬಿಟ್ಟ.

ಬಡಿಸುತ್ತಿದ್ದವರು ಅತ್ತೆ, ಅಡುಗೆ ಅತ್ತೆಯದು, ಥ್ಯಾಂಕ್ಸು ಮಾತ್ರ ಒಂದು ಟೆಸ್ಟರಿಗೆ. ಕತ್ತರಿ ಮೇಜಿನ ಕೆಳಗೆ ಅವನ ಕಾಲು ತುಳಿಯುವಷ್ಟರಲ್ಲಿ ಭಾವ ಫೋನಿನಿಂದ ತಲೆಯೆತ್ತಿ ಕಿಸಕ್ಕೆಂದ.

‘ಏನದು? ಗಂಡ ಹೆಂಡ್ತಿ ಮಧ್ಯೆ ಥ್ಯಾಂಕ್ಸಾ?’ ಎಂದರು ಮಾವ. ‘ನಾವೇನು ಹೋಟೆಲ್‌ನಲ್ಲಿ ಕೂತಿದ್ದೀವಾ?’

‘ಹೋಟೆಲ್‌ನಲ್ಲಾದ್ರೂ ಹೇಳ್ತಾರಲ್ಲ ಮಾವ,’ ಎಂದಳು ಕತ್ತರಿ. ಸುಮ್ಮನಿರಬಹುದಿತ್ತು. ಸುಮ್ಮನಿರುವುದು ಅವಳಿಗೆ ಬರುತ್ತಿರಲಿಲ್ಲ.

ಮಾವನ ಮುಖ ಕೆಂಪಾಯಿತು. ‘ಅದೆಲ್ಲ ಹೊರಗಿನವರಿಗೆ ಹೇಳೋ ಮಾತು. ಇಗೋ ಇವಳಿಗೆ,’ ಎಂದು ಅತ್ತೆಯ ಕಡೆ ಕೈ ತೋರಿಸಿ, ‘ಇವಳಿಗೆ ನಾನು ಒಂದು ದಿನಾನಾದ್ರೂ ಥ್ಯಾಂಕ್ಸ್ ಅಂದಿದ್ದೀನಾ? ಸಂಸಾರ ನಡೀಲಿಲ್ವಾ?’ ಎಂದರು. ಅತ್ತೆ ಸೌಟು ಹಿಡಿದುಕೊಂಡು ನಿಂತೇ ಇದ್ದರು. ಮಾವ ಮುಂದುವರಿಸಿದರು. ‘ಎಲ್ಲಾ ಆ ಮೇಲಿನ ಒಲೆಯಿಂದ ಬಂದಿದ್ದು. ನಾಳೆಯಿಂದ ಮೇಲೆ ಅಡುಗೆ ಇಲ್ಲ. ದಿನಾ ಇಲ್ಲೇ ಕೂತು ಊಟ ಮಾಡೋದು. ಆಗಲ್ಲ ಅಂದ್ರೆ ಬೇರೆ ಮನೆ ನೋಡ್ಕೊಳ್ಳಿ.’

‘ಭಾನುವಾರ ಬರ್ತೀವಿ ಮಾವ. ಮಿಕ್ಕ ದಿನ ಮೇಲೇ ಮಾಡ್ಕೊಳ್ತೀವಿ.’

ಆ ಮನೆಯಲ್ಲಿ ಮಾವನ ಮಾತಿಗೆ ಎದುರು ಮಾತು ಹುಟ್ಟಿದ್ದು ಅದೇ ಮೊದಲಿರಬೇಕು. ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ಬೆಳಗ್ಗೆ ಅವಳು ಕೆಲಸಕ್ಕೆ ಹೊರಟಾಗ ಅತ್ತೆ ಮೆಟ್ಟಿಲು ಗುಡಿಸುತ್ತಿದ್ದರು. ಕಸಬರಿಕೆಯನ್ನು ಅಡ್ಡ ಹಿಡಿದು ದಾರಿಗಟ್ಟಿದರು. ‘ಮಧ್ಯಾಹ್ನದಿಂದ ಬೆಂಕಿ ಮುಂದೆ ನಿಂತಿದ್ದು ನಾನು. ನನ್ನ ಮಗ ನಾನು ಬಡಿಸಿದ ತಟ್ಟೆ ಮುಂದೆ ಕೂತು ನಿನಗೆ ಹೇಳಿದ.’

‘ಅವನು ಮಾಡಿದ್ದು ತಪ್ಪು ಅತ್ತೆ. ಮೊದಲು ನಿಮಗೆ ಹೇಳ್ಬೇಕಿತ್ತು. ನಾನೂ ಹೇಳ್ಬೇಕಿತ್ತು.’

‘ಹಾಗಾದ್ರೆ ಈಗ ಹೇಳು.’

‘ಈಗ ಆಗಲ್ಲ. ಇವತ್ತಿನದು ಇವತ್ತೇ ಹೇಳ್ಬೇಕು, ನಿನ್ನೆದು ಹೋಯ್ತು. ಬಾಕಿ ಇಟ್ಕೊಂಡು ಆಮೇಲೆ ಹೇಳೋರನ್ನ ನೋಡಿ ನೋಡಿ ಸಾಕಾಗಿದೆ ನನಗೆ. ತಪ್ಪಾಯ್ತು ಅಂತ ಬೇಕಾದ್ರೆ ಹೇಳ್ತೀನಿ. ತಪ್ಪಾಯ್ತು ಅತ್ತೆ. ಆದ್ರೆ ಒಲೆ ಮಾತ್ರ ಆರಿಸಲ್ಲ.’

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. ‘ಎಂಥಾ ಹಟಮಾರಿ ಹೆಣ್ಣಪ್ಪ ಇದು,’ ಎಂದು ದಾರಿ ಬಿಟ್ಟರು.

ಸಂಜೆ ಬಂದು ನೋಡಿದರೆ ಒಲೆ ಇತ್ತು, ಸಿಲಿಂಡರ್ ಇರಲಿಲ್ಲ. ರಬ್ಬರ್ ಪೈಪು ಕಟ್ಟೆಯಿಂದ ಜೋತುಬಿದ್ದಿತ್ತು. ಸಿಲಿಂಡರ್ ಮಾವನ ಹೆಸರಿನದು, ಮಾವ ಇಳಿಸಿಕೊಂಡು ಹೋಗಿದ್ದರು. ಗಂಡ ತಲೆ ಮೇಲೆ ಕೈಹೊತ್ತು ಕೂತ. ಕತ್ತರಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ‘ನಿನ್ನ ಯಂತ್ರದ ಕೋಣೇಲಿ ಟೀ ಮಾಡ್ಕೊಳ್ಳೋ ಕರೆಂಟ್ ಕೆಟಲ್ ಇದ್ಯಲ್ಲ, ತಗೊಂಡು ಬಾ’ ಎಂದಳು.

ಅಲ್ಲಿಂದ ಶುರುವಾಯಿತು ಕೆಟಲಿನ ಅಡುಗೆ. ಕೆಟಲಿನಲ್ಲಿ ಮೊಟ್ಟೆ ಬೆಂದವು. ಕೆಟಲಿನ ನೀರು ಸುರಿದು ಮುಚ್ಚಿಟ್ಟ ನೂಡಲ್ಸು ಒಂದು ದಿನ ಅಂಟಾಯಿತು, ಮರುದಿನ ಸರಿಯಾಯಿತು. ಬಟಾಣಿ ಮೆತ್ತಗಾಯಿತು, ಆಲೂಗೆಡ್ಡೆ ಮಾತ್ರ ಏನು ಮಾಡಿದರೂ ಜಗ್ಗಲಿಲ್ಲ. ಸೌತೆಕಾಯಿ, ಬ್ರೆಡ್ಡು, ಬೆಣ್ಣೆ ಇದ್ದೇ ಇದ್ದವು. ಬಿಸಿ ಮೊಟ್ಟೆಯ ಸಿಪ್ಪೆ ಸುಲಿಯುತ್ತ ಇಬ್ಬರೂ ಸುಟ್ಟ ಬೆರಳಿಗೆ ಉಫ್ ಎಂದು ಊದುತ್ತ ನಗುತ್ತಿದ್ದರು. ಕೆಳಗಿನವರಿಗೆ ಕೇಳಿಸಲಿ ಎಂದೇ ಕತ್ತರಿ ಸ್ವಲ್ಪ ಜೋರಾಗಿ ನಗುತ್ತಿದ್ದಳು. ‘ಕೆಟಲ್ ಹೊತ್ತು ತಂದಿದ್ದಕ್ಕೆ ಥ್ಯಾಂಕ್ಸ್’ ಎಂಬುದನ್ನೂ ಕಿಟಕಿಯ ಕಡೆ ಮುಖ ಮಾಡಿಯೇ ಹೇಳುತ್ತಿದ್ದಳು.

ಆದರೆ ಎಷ್ಟು ದಿನ ಅಂತ? ಕೆಲಸ ಮುಗಿಸಿಕೊಂಡು ಬಾಡಿಗೆ ಮನೆ ಹುಡುಕಿದರು. ಗಾಳಿ ಇದ್ದಲ್ಲಿ ನೀರಿಲ್ಲ, ಎರಡೂ ಇದ್ದಲ್ಲಿ ಇವರಿಗೆ ಎಟುಕುವುದಿಲ್ಲ. ಭಾವ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ, ‘ನಾಟಕ ಮುಗೀತಾ?’ ಎನ್ನುತ್ತಿದ್ದ. ಒಂದು ಸಂಜೆ ಗಂಡನೇ ಸೋತ.

‘ಕೆಳಗೆ ಹೋಗಿ ಊಟ ಮಾಡೋಣ ಕಣೇ. ಊಟ ತಾನೇ? ಎಲ್ಲಿ ತಿಂದರೇನು.’

ಕತ್ತರಿ ಸುಲಿಯುತ್ತಿದ್ದ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟಳು. ‘ಬೆಳಗ್ಗೆ ನಾನು ಎದ್ದಾಗ ನೀನು ಮಲಗಿರ್ತೀಯ. ಹಗಲೆಲ್ಲ ನೀನು ಯಾರದೋ ಲಿಫ್ಟ್ ಮೇಲೆ, ನಾನು ಯಾರದೋ ಪರದೆ ಕೆಳಗೆ. ಈ ಒಂದು ಹೊತ್ತು ಬಿಟ್ರೆ ನೀನು ಯಾರು ನಾನು ಯಾರು? ಕೆಳಗೆ ಹೋದ್ರೆ ನಾವೂ ಅವರ ಹಾಗೇ ತಲೆ ತಗ್ಗಿಸ್ಕೊಂಡು ತಿಂದು ಎದ್ದು ಬರ್ತೀವಿ. ಮೊದಲ ದಿನ ಬೇಜಾರಾಗುತ್ತೆ, ಆಮೇಲೆ ಅದೇ ಅಭ್ಯಾಸ ಆಗುತ್ತೆ. ನನಗೆ ಆ ಅಭ್ಯಾಸದ್ದೇ ಭಯ ಕಣೋ.’ ಅವಳ ಕಣ್ಣಲ್ಲಿ ನೀರು ಬಂದಿತ್ತು. ಅಳುವಾಗಲೂ ಅವಳು ಜಗಳಕ್ಕೆ ನಿಂತವಳ ಹಾಗೆಯೇ ಕಾಣುತ್ತಿದ್ದಳು. ಅವನು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಇದಾದ ಒಂದೆರಡು ದಿನಕ್ಕೆ, ದೀಪ ಹಾಕುವ ಹೊತ್ತಿಗೆ ಅತ್ತೆ ಮೆಟ್ಟಿಲು ಹತ್ತಿ ಬಂದರು. ರಾಜಿಗೆಂದು ಊಟದ ಕ್ಯಾರಿಯರ್ ತಂದಿರಬೇಕು ಎಂದುಕೊಂಡ ಕತ್ತರಿ ಬೇಡ ಎನ್ನಲು ಸಿದ್ಧಳಾಗಿಯೇ ಬಾಗಿಲಿಗೆ ಬಂದಳು. ಅತ್ತೆ ಬರಿಗೈಯಲ್ಲಿದ್ದರು. ನೆಟ್ಟಗೆ ಒಳಗೆ ಬಂದು ಮಂಚದ ಅಂಚಿನಲ್ಲಿ ಕೂತರು.

‘ಕೆಳಗೆ ಇವತ್ತು ಒಲೆ ಹಚ್ಚಿಲ್ಲ. ನನಗೂ ಒಂದು ತಟ್ಟೆ ಹಾಕು.’

ಗಂಡ ಬೆಪ್ಪಾಗಿ ನಿಂತ. ‘ಅಮ್ಮಾ, ಹುಷಾರಿಲ್ವಾ?’

‘ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ. ಅವತ್ತು ಇವರು ಎಲ್ಲರ ಮುಂದೆ ಎದೆ ತಟ್ಕೊಂಡು ಹೇಳಿದ್ರಲ್ಲ, ಒಂದು ದಿನಾನೂ ಹೇಳಿಲ್ಲ ಅಂತ. ಹೇಳದೇ ಇದ್ದಿದ್ದಕ್ಕೆ ನಾನು ಬೇಜಾರು ಮಾಡ್ಕೊಂಡವಳಲ್ಲ. ಅದನ್ನ ಬಹುಮಾನ ಗೆದ್ದವರ ಹಾಗೆ ಹೇಳ್ಕೊಂಡ್ರಲ್ಲ, ಅದು ಗಂಟಲಲ್ಲೇ ಸಿಕ್ಕೊಂಡಿದೆ. ದಿನಾ ಸೌಟು ಹಿಡಿದಾಗಲೆಲ್ಲ ಅದೇ ಮಾತು. ಇವತ್ತು ಸೌಟು ಕೆಳಗಿಟ್ಟೆ.’

ಕತ್ತರಿ ಮೂರನೆಯ ತಟ್ಟೆ ಇಟ್ಟಳು. ಅತ್ತೆಯ ಮೇಲೆ ಇಷ್ಟು ದಿನ ಇದ್ದ ಮುನಿಸು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಅತ್ತೆ ಕೆಟಲಿನೊಳಗೆ ಇಣುಕಿ, ‘ಅಯ್ಯೋ, ಇದರಲ್ಲಿ ಬೇಯಿಸ್ಕೊಂಡು ತಿಂತಿದ್ದೀರಾ ನೀವು!’ ಎಂದು ಹಣೆ ಚಚ್ಚಿಕೊಂಡರು. ಆಮೇಲೆ ತಾವೇ ಸೌತೆಕಾಯಿ ಹೆಚ್ಚಲು ಕೂತರು.

ಮೊಟ್ಟೆ ಸುಲಿದು ಮುಗಿಯುವಷ್ಟರಲ್ಲಿ ಮೆಟ್ಟಿಲ ಮೇಲೆ ದಬದಬ ಸದ್ದು. ಮಾವ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಹೆಂಡತಿ ಮಂಚದ ಮೇಲೆ ಕೂತಿರುವುದನ್ನು ಕಂಡು ಬಾಗಿಲ ಚೌಕಟ್ಟು ಹಿಡಿದುಕೊಂಡರು.

‘ಇಲ್ಲಿದ್ದೀಯಾ! ಊಟ ಎಲ್ಲಿ?’

‘ಮಾಡಿಲ್ಲ.’

‘ಮಾಡಿಲ್ಲ ಅಂದ್ರೆ?’

‘ಮಾಡಿಲ್ಲ ಅಂದ್ರೆ ಮಾಡಿಲ್ಲ.’

ಮಾವ ಸೊಸೆಯ ಕಡೆ ಕಣ್ಣು ಕೆಂಪಗೆ ಮಾಡಿ ನೋಡಿದರು. ‘ಇವಳ ತಲೇನೂ ಕೆಡಿಸಿಬಿಟ್ಯಾ?’ ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿ, ‘ಏನು ಬೇಕೀಗ ನಿನಗೆ? ಥ್ಯಾಂಕ್ಸ್ ತಾನೇ? ತಗೋ. ಇಷ್ಟು ವರ್ಷದ್ದು ಎಲ್ಲಾ ಸೇರಿಸಿ ಒಟ್ಟಿಗೆ ಥ್ಯಾಂಕ್ಸ್. ಆಯ್ತಾ? ಏಳು ಈಗ’ ಎಂದರು.

‘ಒಟ್ಟಿಗೆ ಹೇಳೋದು ಇಲ್ಲಿ ನಡೆಯಲ್ಲ,’ ಎಂದರು ಅತ್ತೆ ಚಾಕು ನಿಲ್ಲಿಸದೆ. ‘ಇವತ್ತು ಮಾಡಿದ್ದಕ್ಕೆ ಇವತ್ತು ಹೇಳ್ಬೇಕು. ಇವತ್ತು ನಾನು ನಿಮಗೆ ಏನೂ ಮಾಡಿಲ್ಲ.’

ಕತ್ತರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ಬಂತೋ ಅಳು ಬಂತೋ, ಎರಡೂ ಬಂದವು.

‘ಮತ್ತೆ ನಾನೇನು ಮಾಡ್ಬೇಕು?’ ಎಂದರು ಮಾವ. ಅವರ ದನಿ ಇಳಿದಿತ್ತು.

‘ನೀವು ಏನಾದ್ರೂ ಮಾಡಿ. ನಾನು ಹೇಳ್ತೀನಿ. ನನಗೇನು ಬಾಯಿ ಸವೆಯಲ್ಲ.’

ಮಾವ ದುರುಗುಟ್ಟಿ ನೋಡಿ ಇಳಿದುಹೋದರು. ಮುಗಿಯಿತು, ನಾಳೆ ಗಂಟುಮೂಟೆ ಕಟ್ಟುವುದೇ ಎಂದುಕೊಂಡಳು ಕತ್ತರಿ. ಎಲ್ಲಿಗೆ ಹೋಗುವುದು ಎಂದು ಮನಸ್ಸಿನಲ್ಲೇ ನೋಡಿದ ಮನೆಗಳನ್ನೆಲ್ಲ ಇನ್ನೊಂದು ಸಲ ಸುತ್ತಿಬಂದಳು. ಅಷ್ಟರಲ್ಲಿ ಕೆಳಗಿನಿಂದ ಕಬ್ಬಿಣ ಕಲ್ಲಿಗೆ ತಾಕುವ ಸದ್ದು, ಮೆಟ್ಟಿಲು ಮೆಟ್ಟಿಲಿಗೂ. ಗಂಡ ಓಡಿಹೋಗಿ ನೋಡಿದ. ಮಾವ ಸಿಲಿಂಡರನ್ನು ಮೇಲೆ ಹತ್ತಿಸುತ್ತಿದ್ದರು. ‘ಬಿಡಪ್ಪ, ನಾನು ಎತ್ತುತ್ತೀನಿ’ ಎಂದ ಮಗನನ್ನು, ‘ಮುಟ್ಟಬೇಡ. ಮಾಡ್ಬೇಕಾದವನು ನಾನು’ ಎಂದು ಗದರಿದರು. ಬೆವರು ಸುರಿಸಿಕೊಂಡು ಒಳಗೆ ತಂದು ನಿಲ್ಲಿಸಿ, ಜೇಬಿನಿಂದ ಹೊಸ ವಾಷರ್ ತೆಗೆದು ಹಾಕಿ, ರೆಗ್ಯುಲೇಟರ್ ಕೂರಿಸಿ, ಸೋಪಿನ ನೊರೆ ಹಚ್ಚಿ ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡರು.

‘ಮನೆ ಖಾಲಿ ಮಾಡ್ಬೇಕಾ ಮಾವ?’ ಎಂದು ಕೇಳಿಯೇಬಿಟ್ಟಳು ಕತ್ತರಿ.

‘ಖಾಲಿ ಮಾಡ್ಸೋಕೆ ಯಾರಾದ್ರೂ ಸಿಲಿಂಡರ್ ಹೊತ್ತು ತರ್ತಾರಾ?’ ಎಂದು ಮಾವ ಸೊಂಟ ನೀವಿಕೊಂಡರು. ‘ಇದು ನಿನಗೆ ಅಂತ ತಂದಿದ್ದಲ್ಲ. ಇವಳಿಗೆ.’

‘ಥ್ಯಾಂಕ್ಸ್,’ ಎಂದರು ಅತ್ತೆ. ಆ ಮಾತು ಅವರ ಬಾಯಲ್ಲಿ ಹೊಸ ಹಲ್ಲಿನ ಸೆಟ್ಟಿನ ಹಾಗೆ ಕೂತಿತು. ಆದರೂ ಸ್ಪಷ್ಟವಾಗಿ ಹೇಳಿದರು.

ಕತ್ತರಿ ಒಲೆ ಹಚ್ಚಿದಳು. ಬೆಂದಿದ್ದ ಮೊಟ್ಟೆಗಳನ್ನು ಈರುಳ್ಳಿಯ ಜೊತೆ ಹುರಿದು ನಾಲ್ಕು ತಟ್ಟೆಗೆ ಹಾಕಿದಳು. ಭಾವ ಇನ್ನೂ ಅಂಗಡಿ ಮುಚ್ಚಿ ಬಂದಿರಲಿಲ್ಲ. ಜಾಗ ಸಾಲದೆ ಮಾವ ಬಾಗಿಲ ಹೊಸ್ತಿಲ ಮೇಲೆ ಕೂತರು. ಕೈ ತಟ್ಟೆಗೆ ಹೋಗಿ ನಿಂತಿತು. ಮೂರು ಜನವೂ ತಮ್ಮನ್ನೇ ನೋಡುತ್ತಿರುವುದು ಅವರಿಗೆ ತಿಳಿಯಿತು.

‘ನಾನೂ ಹೇಳ್ಬೇಕಾ?’

‘ಇಲ್ಲಿ ಉಣ್ಣೋರೆಲ್ಲ ಹೇಳ್ಬೇಕು ಮಾವ,’ ಎಂದಳು ಕತ್ತರಿ.

ಮಾವ ಈರುಳ್ಳಿಗೆ ಹೇಳುತ್ತಿರುವ ಹಾಗೆ ತಲೆ ತಗ್ಗಿಸಿಕೊಂಡೇ ಹೇಳಿದರು. ‘ಅಂಗಡಿಯಿಂದ ಬಂದಾಗ ಅಡುಗೆಮನೆ ಕತ್ತಲಾಗಿತ್ತು. ಕೂಗಿದೆ, ನೀನು ಓ ಅನ್ನಲಿಲ್ಲ. ನನ್ನ ಬಿಟ್ಟು ಹೊರಟುಹೋದೆ ಅಂದ್ಕೊಂಡೆ. ಬೀದಿ ಕೊನೆ ತನಕ ಓಡಿದೆ. ನೀನು ಹೋಗಿರಲಿಲ್ಲ. ಅದಕ್ಕೆ ಥ್ಯಾಂಕ್ಸ್.’

ಗಾಬರಿಯಾದ ಮಗ ಏನಾದರೂ ಹೇಳಬೇಕೆಂದು, ‘ಅಪ್ಪಾ, ಅದು ಲೆಕ್ಕಕ್ಕಿಲ್ಲ. ಮಾಡಿದ್ದಕ್ಕೆ ಹೇಳ್ಬೇಕು, ಮಾಡದೇ ಇದ್ದಿದ್ದಕ್ಕಲ್ಲ’ ಎಂದು ನಗಿಸಲು ನೋಡಿದ.

‘ನೀನು ಸುಮ್ನಿರೋ,’ ಎಂದರು ಅತ್ತೆ. ‘ಹೋಗದೇ ಇರೋದೂ ಕೆಲಸಾನೇ. ಅದನ್ನ ನಾನು ದಿನಾ ಮಾಡಿದ್ದೀನಿ. ಇವತ್ತೂ ಮಾಡಿದ್ದೀನಿ.’ ಆಮೇಲೆ ಹೊಸ್ತಿಲ ಕಡೆ ತಿರುಗಿದರು. ‘ಇನ್ನೊಂದ್ಸಲ ಹೇಳಿ.’

ಮಾವ ಇನ್ನೊಂದು ಸಲ ಹೇಳಿದರು. ಈ ಸಲ ಅತ್ತೆಯ ಮುಖ ನೋಡಿ ಹೇಳಿದರು.